ಕೆಂಪು ದೀಪ, ಹಸಿರು ದೀಪ

ಕಾಲೇಜಿಗೆ ಪಾಠ ಮಾಡಲು ಸೇರಿದ ಹೊಸ ಮೇಷ್ಟರಿಗೆ ಎನ್‌ಸಿಸಿ ವಹಿಸಿಕೊಡುವುದೆಂದರೆ ಹೊಸ ಅಳಿಯನ ಕೈಗೆ ಕಾಯಿ ಸುಲಿಯಲು ಕೊಟ್ಟ ಹಾಗೆ. ಬರುವುದಿಲ್ಲ ಎನ್ನಲು ಮರ್ಯಾದೆ ಬಿಡುವುದಿಲ್ಲ, ಮಾಡಲು ಹೋದರೆ ಕೈ ಕೇಳುವುದಿಲ್ಲ. ಕುಂದಾಪುರದ ನಮ್ಮ ಪ್ರಿನ್ಸಿಪಾಲರು ನನ್ನನ್ನು ಕರೆದು ಅಡಿಯಿಂದ ಮುಡಿಯವರೆಗೆ ನೋಡಿ, ನೀವು ಉದ್ದ ಇದ್ದೀರಿ ಎಂದರು. ನನ್ನ ಅರ್ಹತೆ ಅಷ್ಟೇ. ರಾಜ್ಯಶಾಸ್ತ್ರ ಹೇಳುತ್ತಿದ್ದವನು ನಾಗಪುರದ ಹತ್ತಿರದ ಕಾಮ್ಟಿಗೆ ತರಬೇತಿಗೆ ಹೋಗಿ, ಕಾಲು ತುಂಬ ಬೊಕ್ಕೆ, ಬಾಯಿ ತುಂಬ ಹಿಂದಿ ಕಮಾಂಡು ಹೊತ್ತುಕೊಂಡು ಊರಿಗೆ ಬಂದೆ. ಆಮೇಲೆ ನಿವೃತ್ತಿಯಾಗುವವರೆಗೂ ಅದನ್ನು ಬಿಡಲಿಲ್ಲ. ಬಿಡಲು ಮನಸ್ಸೂ ಬರಲಿಲ್ಲ.

ಈಗ ಈ ಕೆಲಸಕ್ಕೆ ಬರುತ್ತಿರುವ ಕಿರಿಯ ಮೇಷ್ಟ್ರುಗಳು ಕೆಲವರು ಮನೆಗೆ ಬಂದು, ನಿಮ್ಮ ಅನುಭವ ಬರೆಯಿರಿ ಸಾರ್, ನಮಗೆ ಉಪಯೋಗವಾಗುತ್ತದೆ ಎನ್ನುತ್ತಾರೆ. ಯಾವ ವರ್ಷ ನನ್ನ ಭುಜಕ್ಕೆ ಎಷ್ಟನೇ ನಕ್ಷತ್ರ ಬಂತು ಎಂದು ಬರೆದರೆ ಯಾರಿಗೂ ಉಪಯೋಗವಿಲ್ಲ. ಉಪಯೋಗವಾಗುವುದು ಬೇರೆ ಇದೆ, ಅದನ್ನು ಹೇಳಲು ನನಗೆ ಇಷ್ಟು ವರ್ಷ ಬಾಯಿ ಇರಲಿಲ್ಲ.

ಮೊದಲು ಸ್ವಲ್ಪ ಹಗುರದ್ದು ಹೇಳಿಬಿಡುತ್ತೇನೆ. ನಾನು ಸೇರಿದ ಹೊಸತರಲ್ಲಿ ಕವಾಯತು ಕಲಿಸಲು ಬೆಟಾಲಿಯನ್ನಿನಿಂದ ಗಢವಾಲದ ಹವಾಲ್ದಾರರೊಬ್ಬರು ಬರುತ್ತಿದ್ದರು. ಮೊದಲ ದಿನ ಪೆರೇಡು ಮುಗಿದು ಹುಡುಗರು ಬನ್ಸ್ ತಿನ್ನುತ್ತ ಮಾತಾಡುವುದನ್ನು ಕೇಳಿ ಅವರು ನನ್ನ ಬಳಿ ಓಡಿಬಂದು, ಹುಡುಗರಲ್ಲಿ ಜಗಳವಾಗುತ್ತಿದೆ, ಬಿಡಿಸಿ ಎಂದರು. ನಾನು ಹೋಗಿ ನೋಡಿದರೆ ಒಬ್ಬ ಇನ್ನೊಬ್ಬನಿಗೆ ಅಕ್ಕನ ಮದುವೆಗೆ ಬಾ ಎಂದು ಕರೆಯುತ್ತಿದ್ದ. ನಮ್ಮ ಕುಂದಾಪ್ರ ಮಾತಿನ ವೇಗಕ್ಕೆ ಕಿವಿ ಹೊಂದಿಸಿಕೊಳ್ಳಲು ಆ ಮನುಷ್ಯನಿಗೆ ಒಂದು ಮಳೆಗಾಲ ಬೇಕಾಯಿತು. ಆಮೇಲೆ ಅವರೇ "ಎಂತ ಮಾರಾಯ" ಎನ್ನಲು ಕಲಿತರು.

ಆಗ ಯೂನಿಫಾರ್ಮು ಗೋಣಿಯಲ್ಲಿ ಬರುತ್ತಿತ್ತು. ದಪ್ಪ ಹುಡುಗನಿಗೆ ಸಣ್ಣ ಪ್ಯಾಂಟು, ಸಣ್ಣವನಿಗೆ ಎರಡು ಜನ ಹಿಡಿಸುವ ಶರಟು. ಈಗ ಬಟ್ಟೆಯ ಹಣ ಹುಡುಗರ ಖಾತೆಗೇ ಬೀಳುತ್ತದೆ, ದರ್ಜಿ ಅಳತೆ ತೆಗೆದು ಹೊಲಿಯುತ್ತಾನೆ. ಆಗ ಗುರಿ ಹೊಡೆಯಲು ನಿಜವಾದ ಬಂದೂಕು ಹಿಡಿದು ಗುಡ್ಡಕ್ಕೆ ಹೋಗಬೇಕಿತ್ತು. ಈಗ ಹಲವು ಕಡೆ ಪರದೆಯ ಮುಂದೆ ನಿಂತು ಹೊಡೆದರೂ ಅಭ್ಯಾಸವಾಗುತ್ತದೆ. ಬದಲಾಗದೆ ಉಳಿದದ್ದು ಕಾಲಿನ ಬೊಕ್ಕೆ ಮತ್ತು ತಾಯಂದಿರು. ಯಾವ ಕಾಲದಲ್ಲೂ ಒಬ್ಬಳಾದರೂ ತಾಯಿ ಕಾಲೇಜಿನ ಗೇಟಿನಲ್ಲಿ ನನ್ನನ್ನು ತಡೆದು, ಇದರಲ್ಲಿ ಮಗನಿಗೆ ಕೆಲಸ ಸಿಗುತ್ತದಾ ಎಂದು ಕೇಳುತ್ತಿದ್ದಳು.

ಮುತ್ತಕ್ಕ ಹಾಗೆ ತಡೆದವಳು. ಉಪ್ಪುಂದದವಳು, ಬೈಂದೂರು ಪೇಟೆಯಲ್ಲಿ ಮೀನು ಮಾರುತ್ತಿದ್ದಳು. ಅವಳ ಹಿರಿಮಗ ರಾಘು ನಮ್ಮಲ್ಲಿ ಬಿ.ಕಾಂ. ಸೇರಿ, ಎನ್‌ಸಿಸಿಗೂ ಸೇರಿದ್ದ. ಗಂಡನ ವಿಷಯ ಆಮೇಲೆ ತಿಳಿಯಿತು. ಅವನು ಒಂದು ದೋಣಿಯಲ್ಲಿ ಪಾಲು ಹಿಡಿದು ಬಿಟ್ಟವನು, ಮುಂಬಯಿಯ ಹೋಟೆಲಿಗೆ ಹೋಗಿ ತಿರುಗಿ ಬಂದವನು, ಊರಲ್ಲಿ ಗೂಡಂಗಡಿ ಇಟ್ಟು ಮುಚ್ಚಿದವನು. ಯಾವುದನ್ನೂ ದಡ ಮುಟ್ಟಿಸದೆ ಕಾಯಿಲೆಯಾಗಿ ತೀರಿಕೊಂಡ. ಮನೆ ನಡೆದದ್ದು ಮುತ್ತಕ್ಕನ ಮೀನುಬುಟ್ಟಿಯಿಂದ. ಅವಳಿಗೆ ತನ್ನ ತಾಯಿಮನೆಯ ಬಗ್ಗೆ ಬಹಳ ಹೆಮ್ಮೆ. ಅವರಲ್ಲಿ ಮಕ್ಕಳಿಗೆ ಬಳಿ, ಅಂದರೆ ಕುಲದ ಗುರುತು, ಬರುವುದು ತಾಯಿಯಿಂದ. ಹಾಗಾಗಿ ಮಗ ಒಳ್ಳೆಯದು ಮಾಡಿದರೆ ಅದು ತನ್ನ ಬಳಿಯ ಗುಣ, ಕೆಟ್ಟದ್ದು ಮಾಡಿದರೆ ಗಂಡನ ಕಡೆಯದ್ದು ಎಂದು ಅವಳ ಲೆಕ್ಕ. ಅಂದು ಗೇಟಿನಲ್ಲಿ ಬುಟ್ಟಿ ಇಳಿಸಿ ಅವಳು ಕೇಳಿದ್ದು ನೆನಪಿದೆ.

"ಸರ್, ನನ್ ಮಗ ನಾಯಿ ಏಳುಕ್ ಮುಂಚೆ ಎದ್ದ್ ಪೆರೇಡ್ ಅಂದೇಳಿ ಬತ್ತ. ಇದ್ರಿಂದ ಎಂತಾದ್ರೂ ಆತ್ತಾ? ಇಲ್ದಿರೆ ಈಗ್ಳೇ ಹೇಳಿಬಿಡಿ, ನಾನ್ ಅವನ್ನ ಬೋಟಿಗೆ ಕಳ್ಸ್ತೆ."

ಆಗುತ್ತದೆ ಎಂದೆ. ನಂಬಿಸಲು ಹೇಳಿದ ಮಾತಲ್ಲ. ಅಷ್ಟು ಹೊತ್ತಿಗೆ ನಾನು ಹುಡುಗನನ್ನು ನೋಡಿದ್ದೆ.

ಒತ್ತಿನೆಣೆ ಗುಡ್ಡದ ಕಡೆ ನಮ್ಮದೊಂದು ಶಿಬಿರ ನಡೆದಿತ್ತು. ಅಲ್ಲಿ ಅಡಗಿ ಕೂರುವ ಅಭ್ಯಾಸ ಮಾಡಿಸುತ್ತಾರೆ. ಕೆಲವು ಹುಡುಗರು ಟೊಪ್ಪಿಗೆ ಸೊಪ್ಪು ಸಿಕ್ಕಿಸಿಕೊಂಡು, ಮುಖಕ್ಕೆ ಮಸಿ ಹಚ್ಚಿಕೊಂಡು ಪೊದೆಗಳಲ್ಲಿ ಹುದುಗುತ್ತಾರೆ. ಉಳಿದವರು ದೂರದಿಂದ ನೋಡಿ ಎಲ್ಲೆಲ್ಲಿ ಯಾರಿದ್ದಾರೆ ಎಂದು ತೋರಿಸಬೇಕು. ಎಲ್ಲರೂ ಕಣ್ಣು ಕಿರಿದು ಮಾಡಿಕೊಂಡು ಪರದಾಡುತ್ತಿರುವಾಗ ರಾಘು ಒಮ್ಮೆ ಎಡದಿಂದ ಬಲಕ್ಕೆ ನೋಡಿ, ಕೇಪಳದ ಗಿಡದ ಹಿಂದೆ ಒಬ್ಬ, ಆ ಮುಳ್ಳಿನ ಬುಡದಲ್ಲಿ ಇಬ್ಬರು, ಕಲ್ಲಿನ ಪಕ್ಕ ಮಲಗಿದವ ನಮ್ಮ ಉಸ್ತಾದರು ಎಂದ. ಕಲ್ಲಿನ ಪಕ್ಕ ಮಲಗಿದ್ದ ಹವಾಲ್ದಾರರು ಎದ್ದು ಮೈ ಕೊಡವಿಕೊಂಡು ಬಂದರು. ಗಢವಾಲದವರು ಹೋಗಿ ಆಗ ಬೇರೆಯವರು ಬಂದಿದ್ದರು. ಇಷ್ಟು ವರ್ಷದಲ್ಲಿ ತನ್ನನ್ನು ಯಾರೂ ಹೀಗೆ ಹಿಡಿದಿರಲಿಲ್ಲ, ಇವನಿಗೆ ಹುಟ್ಟಾ ಸಿಪಾಯಿಯ ಕಣ್ಣಿದೆ ಎಂದು ಅವರು ನನಗೆ ಹೇಳಿದರು. ನಾನು ಅದನ್ನು ಮುತ್ತಕ್ಕನಿಗೆ ಮುಟ್ಟಿಸಿದೆ. ಅವಳು ತನ್ನ ಅಣ್ಣನ ಕಣ್ಣೂ ಹಾಗೇ ಎಂದಳು. ಆ ಅಣ್ಣ ದೋಣಿಯಲ್ಲಿ ನಿಂತು, ನೀರಿನ ಮೇಲ್ಮೈ ನೋಡಿಯೇ ಮೀನಿನ ಗುಂಪು ಎಲ್ಲಿದೆ ಎಂದು ಹೇಳುತ್ತಿದ್ದನಂತೆ.

ಡಿಗ್ರಿ ಮುಗಿಯುವ ಹೊತ್ತಿಗೆ ರಾಘು ನಮ್ಮ 'ಸಿ' ಸರ್ಟಿಫಿಕೇಟನ್ನು ಒಳ್ಳೆಯ ದರ್ಜೆಯಲ್ಲಿ ಪಡೆದ. ಅದು ಇದ್ದವರಿಗೆ ಒಂದು ದೊಡ್ಡ ಅನುಕೂಲವಿದೆ. ಸೇನೆಯ ಅಧಿಕಾರಿಯಾಗಲು ಲಿಖಿತ ಪರೀಕ್ಷೆ ಬರೆಯದೆ ನೇರ ಆಯ್ಕೆ ಮಂಡಳಿಯ ಮುಂದೆ ಹೋಗಬಹುದು. ಅಲ್ಲಿ ಕೆಲವು ದಿನ ಇರಿಸಿಕೊಂಡು ಕತೆ ಬರೆಸುತ್ತಾರೆ, ಗುಂಪಿನಲ್ಲಿ ಹಗ್ಗ ಹಲಗೆ ಕೊಟ್ಟು ಹಳ್ಳ ದಾಟಿಸುತ್ತಾರೆ, ಎದುರು ಕೂರಿಸಿ ಮಾತಾಡಿಸುತ್ತಾರೆ. ಹೋದವರಲ್ಲಿ ಹೆಚ್ಚಿನವರು ಮೊದಲ ದಿನವೇ ಪೆಟ್ಟಿಗೆ ಕಟ್ಟುತ್ತಾರೆ. ಅಲ್ಲಿಯವರೆಗೆ ನಮ್ಮ ಕಾಲೇಜಿನಿಂದ ಹೋದವರೆಲ್ಲ ಹಾಗೆ ಬಂದವರೇ. ರಾಘುವಿಗೆ ನಾನು ಹೇಳಿದ್ದು ಒಂದೇ ಮಾತು. ಅಲ್ಲಿ ನೀನು ಬೇರೆ ಯಾರೂ ಆಗಲು ಹೋಗಬೇಡ. ಕಡಲ ದಡದಲ್ಲಿ ಎಲ್ಲರೂ ಕೂಡಿ ಕೈರಂಪಣಿ ಬಲೆ ಎಳೆಯುವಾಗ ನೀನು ಹೇಗೆ ಹಗ್ಗ ಹಿಡಿಯುತ್ತೀಯೋ ಹಾಗೇ ಹಿಡಿ, ಪಕ್ಕದವನಿಗೆ ಹೇಗೆ ಹೇಳುತ್ತೀಯೋ ಹಾಗೇ ಹೇಳು ಎಂದೆ.

ಫೋನು ಬಂದಾಗ ನಾನು ಬಸ್ಸಿನಲ್ಲಿ ಬ್ರಹ್ಮಾವರಕ್ಕೆ, ನನ್ನ ಮನೆಗೆ, ಹೋಗುತ್ತಿದ್ದೆ. ಸಾಸ್ತಾನದ ಟೋಲಿನ ಹತ್ತಿರ. ರೆಕಮೆಂಡ್ ಆಯ್ತು ಸರ್ ಎಂದ. ನಾನು ಸೀಟಿನಿಂದ ಎದ್ದು ನಿಂತೆ. ಕಂಡಕ್ಟರು ಇಲ್ಲೇ ಇಳಿಯುತ್ತೀರಾ ಎಂದು ಕೇಳಿದ. ಇಲ್ಲ ಮಾರಾಯ ಎಂದು ಹೇಳಿ ಮತ್ತೆ ಕೂತೆ. ಪಕ್ಕದಲ್ಲಿದ್ದ ಅಪರಿಚಿತ ಹೆಂಗಸಿಗೆ, ನಮ್ಮ ಹುಡುಗ ಆರ್ಮಿಯಲ್ಲಿ ಆಫೀಸರ್ ಆಗುತ್ತಾನೆ ಎಂದು ಹೇಳಿದ್ದು ಈಗ ನೆನೆದರೆ ನಾಚಿಕೆಯಾಗುತ್ತದೆ. ವೈದ್ಯಕೀಯ ಪರೀಕ್ಷೆ ಆದ ಮೇಲೆ ಮನೆಗೆ ಹೇಳುತ್ತೇನೆ, ಅಲ್ಲಿಯವರೆಗೆ ಯಾರಿಗೂ ಬೇಡ ಎಂದು ರಾಘು ಹೇಳಿದ್ದ. ಆ ಹುಡುಗನಿಗೆ ನನಗಿಂತ ಹೆಚ್ಚು ಬುದ್ಧಿ ಇತ್ತು.

ಆಮೇಲೆ ಫೋನಿಲ್ಲ. ಒಂದು ಮಧ್ಯಾಹ್ನ ಅವನು ಬೆಂಗಳೂರಿನ ಬಸ್ಸಿಳಿದು ಊರಿಗೆ ಹೋಗದೆ ನೇರ ನನ್ನ ಮನೆಗೆ ಬಂದ. ಅನ್ನ ಬಡಿಸಿದರೆ ಉಂಡ. ಕೈ ತೊಳೆದು ಬಂದು ಜಗಲಿಯಲ್ಲಿ ಕೂತು ಹೇಳಿದ. ವೈದ್ಯರು ಮೊದಲು ಚುಕ್ಕಿಗಳ ಪುಸ್ತಕ ತೋರಿಸಿ, ಅದರಲ್ಲಿ ಅಡಗಿದ ಅಂಕಿ ಓದಲು ಹೇಳಿದರು. ಅವನಿಗೆ ಚುಕ್ಕಿ ಕಂಡಿತು, ಅಂಕಿ ಕಾಣಲಿಲ್ಲ. ಆಮೇಲೆ ಕತ್ತಲೆ ಕೋಣೆಯಲ್ಲಿ ದೀಪ ತೋರಿಸಿದರು.

"ಒಂದ್ ಕೆಂಪ್ ಅಂಬ್ರ್, ಒಂದ್ ಹಸ್ರ್ ಅಂಬ್ರ್ ಸರ್. ನಂಗೆ ಎರಡೂ ಒಂದೇ."

ಬಣ್ಣಗುರುಡು. ಡಿಗ್ರಿ ಮುಗಿಸಿದ ಹುಡುಗನಿಗೆ ಅದು ತನಗಿದೆ ಎಂದು ಗೊತ್ತೇ ಇರಲಿಲ್ಲ. ಹೇಗೆ ಗೊತ್ತಿರುತ್ತದೆ? ಎಲೆ ಹಸಿರು ಎಂದು ಎಲ್ಲರೂ ಹೇಳಿದರು, ಇವನೂ ಹೇಳಿದ. ನಕ್ಷೆಯಲ್ಲಿ ರಸ್ತೆಯನ್ನು ಗೆರೆಯ ದಪ್ಪದಿಂದ, ಗುಡ್ಡವನ್ನು ಗೆರೆಯ ಬಳುಕಿನಿಂದ ಗುರುತಿಸಿದ. ಒಂದು ದಿನವೂ ತಪ್ಪಲಿಲ್ಲ, ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ತಪ್ಪಿದ್ದು ಒಂದೇ ಕಡೆ. ಸಣ್ಣವನಿದ್ದಾಗ ಅವನನ್ನು ಮೀನು ತರಲು ಕಳುಹಿಸಿದರೆ ಹಳಸಲು ಮೀನು ತರುತ್ತಿದ್ದನಂತೆ. ಮೀನು ತಾಜಾ ಹೌದೋ ಅಲ್ಲವೋ ಎಂದು ನೋಡುವುದು ಕಿವಿರು ಎತ್ತಿ, ಒಳಗೆ ಕೆಂಪಿದೆಯಾ ಎಂದು. ಕಣ್ಣಿದ್ದೂ ಕಾಣುವುದಿಲ್ಲವಾ ಎಂದು ತಾಯಿ ಬೈಯುತ್ತಿದ್ದಳು. ಕೊನೆಗೆ ಅವನಿಗೆ ಮಾವ, ಅಂದರೆ ಮುತ್ತಕ್ಕನ ಅಣ್ಣ, ಬೇರೆ ದಾರಿ ಕಲಿಸಿದ. ಬೆರಳಿನಿಂದ ಒತ್ತಿ ನೋಡು, ಮೂಸಿ ನೋಡು. ಮಾವ ಯಾವತ್ತೂ ಕಿವಿರು ಎತ್ತುತ್ತಿರಲಿಲ್ಲ. ಆ ಮಾವನ ಸೋದರಮಾವನೂ ಎತ್ತುತ್ತಿರಲಿಲ್ಲವಂತೆ. ಅದು ಮುತ್ತಕ್ಕನ ತಾಯಿಮನೆಯ ಗಂಡಸರ ಪದ್ಧತಿ ಎಂದು ಎಲ್ಲರೂ ತಿಳಿದಿದ್ದರು.

ಇದು ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಬರುವಂಥದ್ದು, ತಾಯಿಗೆ ಸ್ವತಃ ಬಣ್ಣ ಸರಿಯಾಗಿಯೇ ಕಾಣುತ್ತದೆ ಎಂದು ಆ ವೈದ್ಯರು ಸಮಾಧಾನವಾಗಿ ಕೂರಿಸಿ ಹೇಳಿದರಂತೆ. ಸೊಪ್ಪಿನಲ್ಲಿ ಅಡಗಿದವರನ್ನು ಹುಡುಕುವುದರಲ್ಲಿ ನೀನು ಚುರುಕಾ ಎಂದೂ ಕೇಳಿದರಂತೆ. ಹೌದು ಎಂದಾಗ, ನಿನ್ನಂಥವರಲ್ಲಿ ಕೆಲವರಿಗೆ ಹಾಗಿರುತ್ತದೆ, ಹಸಿರು ಬಣ್ಣ ಅವರ ಕಣ್ಣು ಕಟ್ಟುವುದಿಲ್ಲ, ಆಕಾರ ಎದ್ದು ಕಾಣುತ್ತದೆ ಎಂದರಂತೆ. ಯಾವ ಕಣ್ಣನ್ನು ಕಂಡು ನಮ್ಮ ಉಸ್ತಾದರು ಹುಟ್ಟಾ ಸಿಪಾಯಿ ಎಂದಿದ್ದರೋ ಅದೇ ಕಣ್ಣಿನಿಂದ ಹುಡುಗ ಹೊರಗೆ ಬಿದ್ದ. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ನಿಯಮ ತಪ್ಪಲ್ಲ, ಕೆಂಪು ಹಸಿರು ಗೊತ್ತಾಗದವನ ಕೈಯಲ್ಲಿ ಹತ್ತಾರು ಜನರ ಜೀವ ಕೊಡಲಾಗುವುದಿಲ್ಲ. ವೈದ್ಯರ ತಪ್ಪೂ ಅಲ್ಲ. ಮೇಲ್ಮನವಿ ಹಾಕಿಸಿದೆ, ಇನ್ನೊಂದು ಆಸ್ಪತ್ರೆಯಲ್ಲಿ ಮತ್ತೆ ನೋಡಿದರು. ದೀಪ ಅದೇ, ಕಣ್ಣೂ ಅದೇ.

ಅವತ್ತು ಜಗಲಿಯಲ್ಲಿ ಎದ್ದು ಹೊರಡುವಾಗ ರಾಘು ಕೇಳಿದ್ದು ಒಂದೇ.

"ಸರ್, ನಾನ್ ಇಂಟರ್‌ವ್ಯೂದಲ್ಲೇ ಫೇಲ್ ಅಂದೇಳಿ ಹೇಳಿ. ಯಾರ್ ಕೇಂಡ್ರೂ ಹಂಗೇ ಹೇಳಿ. ಅಮ್ಮನಿಗೆ ಇದ್ ಗೊತ್ತಾಪ್ಪುದ್ ಬ್ಯಾಡ. ಅವ್ಳಿಗೆ ಇಪ್ಪುದ್ ಅದೊಂದೇ, ಅವ್ಳ ಬಳಿ. ಅದ್ರಿಂದ್ಲೇ ಬಂದದ್ ಅಂದ್ರೆ ಅವ್ಳ್ ಬದ್ಕುದಿಲ್ಲೆ."

ಬೇಡ, ನೀನು ಗೆದ್ದು ಬಂದವನು, ಆ ಗೆಲುವನ್ನು ಬಿಟ್ಟುಕೊಡಬೇಡ ಎಂದು ನಾನು ಬಹಳ ಹೇಳಿದೆ. ಅವನು ಕೇಳಿಕೊಂಡು ಕೂತ, ಒಪ್ಪಲಿಲ್ಲ. ಮಾತು ಕೊಟ್ಟೆ.

ಕೊಟ್ಟ ಮಾತು ಎಷ್ಟು ಭಾರ ಎಂದು ಮರುದಿನದಿಂದ ತಿಳಿಯಿತು. ಸ್ಟಾಫ್ ರೂಮಿನಲ್ಲಿ, ನಿಮ್ಮ ಹೀರೋ ಮೊದಲ ದಿನವೇ ವಾಪಸಂತೆ, ಇಂಗ್ಲಿಷಿಗೆ ಸಿಕ್ಕಿಬಿದ್ದನಾ ಎಂದು ಕೇಳಿದರು. ಇರಬೇಕು ಎಂದೆ. ಪ್ರಿನ್ಸಿಪಾಲರು, ನಮ್ಮ ಮಕ್ಕಳಿಗೆ ಆತ್ಮವಿಶ್ವಾಸ ಸಾಲದು ಎಂದು ಅರ್ಧ ಗಂಟೆ ಭಾಷಣ ಮಾಡಿದರು. ಕಾಲೇಜಿನ ಇತಿಹಾಸದಲ್ಲಿ ಮಂಡಳಿಯನ್ನು ಗೆದ್ದ ಮೊದಲ ಹುಡುಗನ ಬಗ್ಗೆ ಮಾಡಿದ ಆ ಭಾಷಣಕ್ಕೆ ನಾನೂ ತಲೆಯಾಡಿಸಿದೆ. ಗೊತ್ತಿದ್ದವರು ನಾನಲ್ಲದೆ ನಮ್ಮ ಬೆಟಾಲಿಯನ್ನಿನ ಕರ್ನಲ್ ಒಬ್ಬರೇ, ಅರ್ಜಿ ಹೋದದ್ದು ಅವರ ಕಚೇರಿಯಿಂದ. ನನ್ನ ಪ್ರತಿ ಕೆಲಸದಲ್ಲೂ ಕೊಂಕು ಹುಡುಕುತ್ತಿದ್ದ ಮನುಷ್ಯ, ನಮಗಿಬ್ಬರಿಗೂ ಎಣ್ಣೆ ಸೀಗೇಕಾಯಿ. ಈ ವಿಷಯ ಹೊರಗೆ ಹೋಗಬಾರದು ಎಂದು ನಾನು ಕೇಳಿಕೊಂಡಾಗ ಅವರು ಕಾರಣ ಕೇಳಿದರು. ಹೇಳಿದೆ. ಆ ಹುಡುಗನನ್ನು ಒಮ್ಮೆ ಇಲ್ಲಿಗೆ ಕರೆತನ್ನಿ, ಅವನ ಜೊತೆ ಚಹಾ ಕುಡಿಯಬೇಕು ಎಂದರು. ಅವರ ಮೇಲಿದ್ದ ನನ್ನ ಸಿಟ್ಟೆಲ್ಲ ಆ ಚಹಾದೊಂದಿಗೆ ಹೋಯಿತು.

ಮುತ್ತಕ್ಕ ರಾಘುವನ್ನೂ ಕರೆದುಕೊಂಡು ಗೇಟಿಗೆ ಬಂದು ನನ್ನನ್ನು ಬೈದಳು. ಇಂಗ್ಲಿಷ್ ಕಲಿಸದೆ ಕುಣಿಸಿದಿರಿ, ಮೂರು ವರ್ಷ ಹಾಳಾಯಿತು ಎಂದಳು. ಬೈಯಲಿ ಎಂದು ನಿಂತೆ. ಆಮೇಲೆ ಮಗನ ಕಡೆ ತಿರುಗಿ, ಅಪ್ಪನ ಬುದ್ಧಿ, ಅರ್ಧಕ್ಕೆ ಬಿಡುವುದು ಎಂದಳು. ರಾಘು ಅವಳ ಬುಟ್ಟಿ ಎತ್ತಿ ಅವಳ ತಲೆಗೆ ಇಟ್ಟ.

ಆ ವರ್ಷದಿಂದ ನಾನು ಒಂದು ಪದ್ಧತಿ ಮಾಡಿಕೊಂಡೆ. ಹೊಸಬರು ಓದಲಿ ಎಂದೇ ಇದನ್ನು ಬರೆಯುತ್ತಿದ್ದೇನೆ. ಕಣ್ಣಿನ ಡಾಕ್ಟರೊಬ್ಬರಿಂದ ಚುಕ್ಕಿಗಳ ಪುಸ್ತಕ ತಂದಿಟ್ಟುಕೊಂಡು, ಸೇರಿದ ಮೊದಲ ವಾರವೇ ಹುಡುಗ ಹುಡುಗಿಯರನ್ನು ಒಬ್ಬೊಬ್ಬರನ್ನಾಗಿ ಕರೆದು ಓದಿಸುತ್ತಿದ್ದೆ. ಸಾಲಿನಲ್ಲಿ ನಿಲ್ಲಿಸಿ ಓದಿಸಬೇಡಿ. ಓದಲಾಗದವನಿಗೆ ಅದೇ ದಿನ ಹೇಳಿ, ಸೇನೆಯಲ್ಲಿ ಯಾವ ಬಾಗಿಲು ಮುಚ್ಚಿದೆ, ಹೊರಗೆ ಯಾವುದು ತೆರೆದಿದೆ ಎಂದು ವಿಚಾರಿಸಿಕೊಂಡು ಬಂದು ಹೇಳಿ. ಮನೆಯಲ್ಲಿ ಹೇಗೆ ಹೇಳುತ್ತೀಯ ಎಂದೂ ಕೇಳಿ. ಅದನ್ನು ನಮಗೆ ಯಾವ ತರಬೇತಿಯಲ್ಲೂ ಕಲಿಸಲಿಲ್ಲ.

ರಾಘುವಿನ ತಮ್ಮ ಶರತ್ ಪಿಯುಸಿ ಮುಗಿಸಿದಾಗ ನಿಜವಾದ ಕಷ್ಟ ಬಂತು. ಅಣ್ಣ ಬಿಟ್ಟದ್ದನ್ನು ತಾನು ಮಾಡುತ್ತೇನೆ ಎಂದು ಅವನು ಹಟ ಹಿಡಿದ, ತಾಯಿಯೂ ಅವನ ಬೆನ್ನಿಗೆ ನಿಂತಳು. ಒಂದೇ ತಾಯಿಯ ಮಕ್ಕಳು. ಬಂದರೂ ಬಂತು, ಇಲ್ಲದಿದ್ದರೂ ಇಲ್ಲ. ಇವನಿಗೂ ಅದೇ ಇದ್ದರೆ ಇವನಿಗೆ ಹೇಳಲೇಬೇಕು. ಇವನಿಗೆ ಹೇಳಿದರೆ ತಾಯಿಗೆ ತಿಳಿಯುತ್ತದೆ. ರಾಘು ಒಂದು ಭಾನುವಾರ ಬೆಳಿಗ್ಗೆ ತಮ್ಮನನ್ನು ನನ್ನ ಮನೆಗೆ ಕರೆತಂದ. ಸೇರುವ ಮುಂಚೆ ಎಲ್ಲರಿಗೂ ಸರ್ ಒಂದು ಪರೀಕ್ಷೆ ಮಾಡುತ್ತಾರೆ ಎಂದು ಹೇಳಿ ತಂದಿದ್ದ.

ಜಗಲಿಯಲ್ಲಿ ಬೆಳಕಿಗೆ ಮುಖ ಮಾಡಿ ಕೂತೆವು. ನಾನು ಪುಟ ತಿರುಗಿಸಿದೆ, ಶರತ್ ಅಂಕಿ ಹೇಳಿದ. ರಾಘು ಪಕ್ಕದಲ್ಲಿ ಕೂತಿದ್ದ. ತಮ್ಮ ಹೇಳಿದ್ದು ಸರಿಯೋ ತಪ್ಪೋ ಎಂದು ಅವನಿಗೆ ಪುಸ್ತಕ ನೋಡಿ ತಿಳಿಯುವಂತಿರಲಿಲ್ಲ. ಅವನು ಪುಸ್ತಕ ನೋಡಲಿಲ್ಲ, ನನ್ನ ಮುಖ ನೋಡುತ್ತಿದ್ದ. ಒಂದೊಂದು ಪುಟಕ್ಕೂ ನನ್ನ ಮುಖ. ಒಮ್ಮೆ ನಾನು ಎರಡು ಪುಟ ಒಟ್ಟಿಗೆ ತಿರುಗಿಸಿಬಿಟ್ಟೆ. ಕೊನೆಯದು ಮುಗಿದ ಮೇಲೆ, ಎಲ್ಲ ಸರಿ ಇದೆ ಎಂದೆ. ಶರತ್‌ಗೆ ಇದೆಂಥ ಮಕ್ಕಳಾಟದ ಪರೀಕ್ಷೆ ಎನಿಸಿರಬೇಕು, ನಕ್ಕ. ರಾಘು ಎದ್ದು ಬಾವಿಕಟ್ಟೆಗೆ ಹೋಗಿ ಮುಖ ತೊಳೆದುಕೊಂಡು, ಬಹಳ ಹೊತ್ತು ಅಲ್ಲೇ ನಿಂತಿದ್ದ. ನಾನು ಆ ಕಡೆ ಹೋಗಲಿಲ್ಲ.

ಶರತ್‌ನನ್ನು ತಯಾರು ಮಾಡಿದವನು ರಾಘು. ನನ್ನ ಹೆಸರು ಅಷ್ಟೇ. ಬೆಳಿಗ್ಗೆ ಗಂಗೊಳ್ಳಿ ಬಂದರಿನಲ್ಲಿ ಮೀನು ಕೊಂಡು, ಟೆಂಪೋದಲ್ಲಿ ಪೇಟೆಪೇಟೆಗೆ ಹಾಕಿ, ಸಂಜೆ ತಮ್ಮನನ್ನು ಕಡಲ ಮರಳಿನ ಮೇಲೆ ಓಡಿಸುತ್ತಿದ್ದ. ವ್ಯಾಪಾರದಲ್ಲಿ ಮಾವನ ಹಾಗೆ ಒತ್ತಿ ಮೂಸಿ ತೆಗೆದುಕೊಳ್ಳುತ್ತಿದ್ದ. ಇವನಿಗೆ ಎಲ್ಲದರಲ್ಲೂ ಅತಿ ಚೊಕ್ಕ ಎಂದು ಬಂದರಿನವರು ತಮಾಷೆ ಮಾಡುತ್ತಿದ್ದರು. ಡಿಗ್ರಿ ಮುಗಿದ ಮೇಲೆ ಶರತ್ ಮೊದಲ ಸಲ ಆಯ್ಕೆ ಮಂಡಳಿಗೆ ಹೋಗಿ ಬರಿಗೈಯಲ್ಲಿ ಬಂದ. ಮಂಡಳಿಯಲ್ಲಿ ಹೀಗೆ ಮಾಡಬೇಕಿತ್ತು ಎಂದು ರಾಘು ಹೇಳಿಕೊಡುವಾಗ, ಫೇಲಾದವ ನನಗೆಂಥ ಹೇಳುವುದು ಎಂದು ಶರತ್ ಎದುರಾಡಿದನಂತೆ. ಇದನ್ನು ರಾಘು ನನಗೆ ನಗುತ್ತಲೇ ಹೇಳಿದ. ನನಗೆ ನಗು ಬರಲಿಲ್ಲ. ಎರಡನೇ ಸಲಕ್ಕೆ ಶರತ್ ಗೆದ್ದ.

ಚೆನ್ನೈಯಲ್ಲಿ ತರಬೇತಿ ಮುಗಿಯುವ ದಿನ ಒಂದು ಪದ್ಧತಿಯಿದೆ. ಹೊಸ ಅಧಿಕಾರಿಯ ಭುಜದ ನಕ್ಷತ್ರಗಳಿಗೆ ಬಟ್ಟೆ ಮುಚ್ಚಿರುತ್ತಾರೆ. ತಂದೆ ಒಂದು ಭುಜದ್ದು, ತಾಯಿ ಇನ್ನೊಂದು ಭುಜದ್ದು ಬಿಚ್ಚುತ್ತಾರೆ. ಶರತ್‌ಗೆ ತಂದೆ ಇಲ್ಲ. ಮುತ್ತಕ್ಕ ಒಂದನ್ನು ಬಿಚ್ಚಿದಳು, ರಾಘು ಇನ್ನೊಂದನ್ನು. ಆ ಫೋಟೋ ನನ್ನ ಹತ್ತಿರ ಇದೆ. ತಾಯಿಯೂ ತಮ್ಮನೂ ಕ್ಯಾಮರಾ ನೋಡುತ್ತಿದ್ದಾರೆ. ರಾಘು ತನ್ನ ಕೈಯ ಕೆಳಗಿರುವ ಆ ನಕ್ಷತ್ರವನ್ನು ನೋಡುತ್ತಿದ್ದಾನೆ.

ಕಳೆದ ವರ್ಷ ಮುತ್ತಕ್ಕ ತೀರಿಕೊಂಡಳು. ಕಾರ್ಯಗಳೆಲ್ಲ ಮುಗಿದ ಮೇಲೆ ರಾಘು ತಮ್ಮನಿಗೆ ಎಲ್ಲವನ್ನೂ ಹೇಳಿದ. ಆಮೇಲೆ ನನ್ನ ಬಳಿ ಬಂದು, ಇನ್ನು ಬರೆಯಬಹುದು ಸರ್, ಹೆಸರು ಮಾತ್ರ ಬದಲಿಸಿ ಎಂದ. ಬದಲಿಸಿದ್ದೇನೆ.

ಅವಳು ಹಾಸಿಗೆ ಹಿಡಿದಿದ್ದಾಗ ಒಂದು ಸಂಜೆ ನಾನು ಉಪ್ಪುಂದಕ್ಕೆ ನೋಡಲು ಹೋಗಿದ್ದೆ. ಶರತ್‌ಗೆ ಗಡಿಯಿಂದ ರಜೆ ಸಿಕ್ಕಿರಲಿಲ್ಲ. ಗೋಡೆಯ ಮೇಲೆ ಅವನ ಯೂನಿಫಾರ್ಮಿನ ಫೋಟೋ ಇತ್ತು. ಅವಳಿಗೆ ಉಣಿಸುವುದು, ಮೈ ಒರೆಸುವುದು, ಮಗ್ಗುಲು ತಿರುಗಿಸುವುದು ಎಲ್ಲ ರಾಘುವೇ. ಅವನು ಅವಳ ಕಾಲು ಒತ್ತುತ್ತ ಕೂತಿದ್ದ. ಅವಳು ನನ್ನನ್ನು ಗುರುತಿಸಿ, ಕೂರಲು ಹೇಳಿ, ಫೋಟೋದ ಕಡೆ ಕೈ ಮಾಡಿದಳು.

"ಸಣ್ಣಂವ ನಮ್ ಬಳಿಯಂವ ಸರ್. ನನ್ ಅಣ್ಣನ ಹಂಗೆ, ನನ್ ಹಂಗೆ. ದೊಡ್ಡಂವ ಒಳ್ಳೆಯಂವ, ಇಲ್ಲೆ ಅಂಬುದಿಲ್ಲೆ. ಆದ್ರೆ ಅವ್ನಿಗೆ ನನ್ದ್ ಎಂತದೂ ಬರ್ಲಿಲ್ಲೆ. ಪೂರಾ ಅವ್ನ್ ಅಪ್ಪಯ್ಯನ ಹಂಗೆ."

ನಾನು ರಾಘುವಿನ ಮುಖ ನೋಡಿದೆ. ನನ್ನ ಬಾಯಿಂದ ಮಾತು ಹೊರಗೆ ಬೀಳುವ ಹಾಗಿತ್ತು. ಅವನು ಅವಳ ಕಾಲಿನ ಮೇಲಿನ ಹೊದಿಕೆ ಸರಿಮಾಡಿದ.

"ಹೌದಮ್ಮ," ಎಂದ, "ನಾನ್ ಅಪ್ಪಯ್ಯನ ಹಂಗೇ."